ಅಂತರ್ಜಾಲಕ್ಕೆ ಸೇರಿದ ಯಂತ್ರಗಳು: ವ್ಯಾಪಾರಸ್ಥರು ಗಮನಿಸಬೇಕಾದ ಅಂಶಗಳು

ಸೊರಬ, ಶಿಕಾರಿಪುರ ತಾಲ್ಲೂಕುಗಳ ಅಡಿಕೆ ಮಂಡಿ, ಅಕ್ಕಿ ಗಿರಣಿ ಹಾಗೂ ಶುಂಠಿ ವ್ಯಾಪಾರದ ಮಳಿಗೆಗಳಲ್ಲಿ ಗಣಕಯಂತ್ರವೆಂದರೆ ಬಹುಕಾಲ ಗುಮಾಸ್ತರ ಮೇಜಿನ ಮೇಲಿನ ವಸ್ತುವಾಗಿತ್ತು. ಇಂದು ಅದು ಗೋಡೆಯ ಮೇಲೂ, ತಕ್ಕಡಿಯ ಒಳಗೂ ಸೇರಿಕೊಂಡಿದೆ. ಗುಡವಿಯಂತಹ ಹಳ್ಳಿಯಲ್ಲಿ ಗೋದಾಮು ಉಳ್ಳವರು ಸೊರಬದ ಅಂಗಡಿಯಲ್ಲಿ ಕುಳಿತು ಮೊಬೈಲಿನಲ್ಲಿಯೇ ಅದರ ಬಾಗಿಲನ್ನು ನೋಡಬಹುದು. ವೇಬ್ರಿಡ್ಜ್‌ನ ತೂಕ ನೇರವಾಗಿ ಬಿಲ್ಲಿಗೆ ಇಳಿಯುತ್ತದೆ. ಗಿರಣಿಯ ಸಾರ್ಟೆಕ್ಸ್ ಯಂತ್ರ ಕೆಟ್ಟಲ್ಲಿ, ತಯಾರಕರ ತಂತ್ರಜ್ಞರು ದೂರದ ಊರಿನಿಂದಲೇ ಅದರ ಒಳಹೊಕ್ಕು ಸರಿಪಡಿಸುವ ವ್ಯವಸ್ಥೆಯೂ ಬಂದಿದೆ. ಈ ಸೌಕರ್ಯಗಳು ಬೇಡವೆನ್ನುವವರಿಲ್ಲ. ಆದರೆ ದೂರದಿಂದ ಮಾಲೀಕರು ತೆರೆಯಬಹುದಾದ ಬಾಗಿಲನ್ನು ಅನ್ಯರೂ ತೆರೆಯಬಹುದೆಂಬ ಸಂಗತಿ ಖರೀದಿಯ ಸಮಯದಲ್ಲಿ ಯಾರ ಗಮನಕ್ಕೂ ಬರುವುದಿಲ್ಲ.

2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು ಹಲವು ಗಂಟೆಗಳ ಕಾಲ ಅಸ್ತವ್ಯಸ್ತಗೊಂಡವು. ದಾಳಿಗೆ ಬಳಕೆಯಾದದ್ದು ಜಗತ್ತಿನಾದ್ಯಂತ ಅಂಗಡಿ, ಮನೆಗಳಲ್ಲಿದ್ದ ಕಣ್ಗಾವಲು ಕ್ಯಾಮೆರಾ, ಅದರ ಡಿವಿಆರ್ ಪೆಟ್ಟಿಗೆ ಮತ್ತು ರೂಟರ್‌ಗಳು! 'ಮಿರಾಯ್' ಎಂಬ ಆ ತಂತ್ರಾಂಶದ ವಿಧಾನ ಅತಿ ಸರಳವಾಗಿತ್ತು. ಕಾರ್ಖಾನೆಯಿಂದ ಹೊರಬರುವಾಗಲೇ ಯಂತ್ರಗಳಿಗೆ ಇರುವ ಅರವತ್ತಕ್ಕೂ ಹೆಚ್ಚು ಹೆಸರು-ಗುಪ್ತಪದಗಳ ಪಟ್ಟಿಯನ್ನು ಇಟ್ಟುಕೊಂಡು, ಒಂದೊಂದನ್ನೇ ಪ್ರಯೋಗಿಸುತ್ತಿತ್ತು. 'ಅಡ್ಮಿನ್' ಎಂಬ ಹೆಸರಿಗೆ 'ಅಡ್ಮಿನ್' ಎಂಬುದೇ ಗುಪ್ತಪದವಾಗಿದ್ದ ಯಂತ್ರಗಳೂ ಅದಕ್ಕೆ ವಶವಾದವು. ಇದನ್ನು ರಚಿಸಿದ ಮೂವರು ಯುವಕರು 2017ರಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಕ್ಯಾಮೆರಾಗಳ ಮಾಲೀಕರಲ್ಲಿ ಬಹುಪಾಲು ಜನರಿಗೆ ತಮ್ಮ ಯಂತ್ರ ಇಂತಹ ಕೆಲಸಕ್ಕೆ ಹೋಗಿತ್ತೆಂಬ ಅರಿವೇ ಇರಲಿಲ್ಲ.

ನಮ್ಮ ರಾಜ್ಯದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯು ಹೆಚ್ಚು ಜನ ಸೇರುವ ಸಂಸ್ಥೆಗಳಿಗೆ ಕ್ಯಾಮೆರಾ ಅಳವಡಿಕೆಯನ್ನು ಕಡ್ಡಾಯಗೊಳಿಸಿದೆ. ಕಾಯ್ದೆಯ ಒತ್ತಾಯವಿಲ್ಲದವರೂ ಕಳ್ಳರ ಭಯದಿಂದ ಹಾಕಿಸಿಕೊಂಡಿದ್ದಾರೆ. ಹೀಗೆ ಕಾವಲಿಗೆಂದು ತಂದ ಸಾಧನವೇ ಕಿಂಡಿಯಾಗುವ ಸಂದರ್ಭವಿದೆ. ಸಣ್ಣ ಮಳಿಗೆಗಳಲ್ಲಿ ಕ್ಯಾಮೆರಾ, ತೂಕದ ಯಂತ್ರ, ಬಿಲ್ಲಿಂಗ್ ಗಣಕಯಂತ್ರ ಇವೆಲ್ಲವೂ ಸಾಮಾನ್ಯವಾಗಿ ಒಂದೇ ರೂಟರ್‌ಗೆ ಸೇರಿರುತ್ತವೆ. ಎಪಿಎಂಸಿಯ ಇ-ಟೆಂಡರ್‌ಗೆ ದರ ನಮೂದಿಸುವುದು, ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ರಿಟರ್ನ್, ಎಲ್ಲವೂ ಅದೇ ಗಣಕಯಂತ್ರದಲ್ಲಿ. ಕ್ಯಾಮೆರಾದ ಮೂಲಕ ಒಳಬಂದವರು ಅಲ್ಲಿಯವರೆಗೆ ತಲುಪಿ ಲೆಕ್ಕಪತ್ರಗಳಿಗೆ ಬೀಗ ಜಡಿದು ಹಣ ಕೇಳಿದರೆ, ನಷ್ಟ ಕ್ಯಾಮೆರಾದ ಬೆಲೆಗೆ ನಿಲ್ಲುವುದಿಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಕಾಪಾಡತಕ್ಕದ್ದು. ವಿದ್ಯುನ್ಮಾನ ದಾಖಲೆಗಳು ನಾಶವಾದರೂ ಮರಳಿ ಪಡೆಯುವಂತೆ ಬ್ಯಾಕಪ್ ಇರತಕ್ಕದ್ದೆಂದು 57ನೇ ನಿಯಮ ಹೇಳುತ್ತದೆ. ಆ ಬ್ಯಾಕಪ್ ಡಿಸ್ಕ್ ಸದಾ ಅದೇ ಗಣಕಯಂತ್ರಕ್ಕೆ ಜೋಡಿಸಿಯೇ ಇದ್ದರೆ ಅದಕ್ಕೂ ಬೀಗ ಬೀಳುತ್ತದೆ. ಪ್ರತಿ ಸಂಜೆ ಪ್ರತಿ ತೆಗೆದು, ಡಿಸ್ಕನ್ನು ಬಿಚ್ಚಿ ತಿಜೋರಿಯಲ್ಲಿ ಇಡುವುದೇ ಲೇಸು.

ಸಣ್ಣ ತಯಾರಕರಿಗೆ ಸಂಬಂಧಿಸಿದ ಮತ್ತೊಂದು ಪ್ರಕರಣವಿದೆ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಗ್ರಾಹಕರ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳವಾಯಿತು. ಕಳ್ಳರು ಪ್ರವೇಶಿಸಿದ್ದು ಒಬ್ಬ ಶೈತ್ಯೀಕರಣ ಗುತ್ತಿಗೆದಾರನಿಗೆ ನೀಡಿದ್ದ ಲಾಗಿನ್ ಕದ್ದು. ನಮ್ಮ ಸಾರ್ಟೆಕ್ಸ್ ದುರಸ್ತಿಯವರ ಕೈಯಲ್ಲಿರುವುದೂ ಅಂತಹದೇ ಕೀಲಿ. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಶಿವಮೊಗ್ಗದ ಫೌಂಡ್ರಿ ಮಾಲೀಕರಾದರೋ ಇಲ್ಲಿ ಗುತ್ತಿಗೆದಾರನ ಸ್ಥಾನದಲ್ಲಿ ತಮ್ಮನ್ನು ಕಲ್ಪಿಸಿಕೊಂಡು ನೋಡುವುದು ಉಚಿತ.

ಆಸ್ತಿ ವಹಿಯಲ್ಲಿ ಯಂತ್ರದ ಬೆಲೆ, ಖರೀದಿಯ ದಿನಾಂಕ, ಸವಕಳಿ ಎಲ್ಲವನ್ನೂ ಬರೆಯಲಾಗುತ್ತದೆ. ಅದರ ಗುಪ್ತಪದ ಯಾರ ಬಳಿ ಇದೆ, ಅಳವಡಿಸಿದವರು ಕೊಟ್ಟದ್ದನ್ನು ಬದಲಿಸಲಾಗಿದೆಯೇ, ದುರಸ್ತಿಗೆ ಬಂದವರ ಪ್ರವೇಶ ಮುಗಿದ ಮೇಲೆ ಮುಚ್ಚಲಾಯಿತೇ, ಕೆಲಸ ಬಿಟ್ಟ ಗುಮಾಸ್ತರ ಮೊಬೈಲಿನಲ್ಲಿ ಕ್ಯಾಮೆರಾ ಇನ್ನೂ ಕಾಣುತ್ತಿದೆಯೇ ಎಂಬುದಕ್ಕೆ ಅಲ್ಲಿ ಕಲಮುಗಳಿಲ್ಲ. ಗುಪ್ತಪದವನ್ನು ಮಾತ್ರ ಬರೆಯದೆ ಉಳಿದದ್ದಕ್ಕೆ ಒಂದೆರಡು ಕಲಮು ಸೇರಿಸಲು ಯಾವ ಖರ್ಚೂ ಇಲ್ಲ. ಕ್ಯಾಮೆರಾ ಮತ್ತು ಯಂತ್ರಗಳಿಗೆ ಒಂದು ಸಂಪರ್ಕ, ಲೆಕ್ಕದ ಗಣಕಯಂತ್ರಕ್ಕೆ ಬೇರೊಂದು ಸಂಪರ್ಕ ಮಾಡಿಸಲು ಅಲ್ಪ ವೆಚ್ಚವಾದೀತು.

ಹೊಸ ಕ್ಯಾಮೆರಾ ಕೊಳ್ಳುವವರು ಕೇಂದ್ರ ಸರ್ಕಾರವು 2024ರ ಏಪ್ರಿಲ್‌ನಲ್ಲಿ ಹೊರಡಿಸಿ 2025ರ ಏಪ್ರಿಲ್‌ನಿಂದ ಜಾರಿಗೊಳಿಸಿದ ಭದ್ರತಾ ಪರೀಕ್ಷೆಗೆ ಆ ಮಾದರಿ ಒಳಪಟ್ಟಿದೆಯೇ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಅಗ್ಗದ ಹಳೆಯ ದಾಸ್ತಾನಿನ ಬಗ್ಗೆ ಎಚ್ಚರವಿರಲಿ.

ದಾಳಿ ನಡೆದಲ್ಲಿ ಮೊದಲು ಯಂತ್ರದ ಅಂತರ್ಜಾಲ ಸಂಪರ್ಕವನ್ನು ಕಡಿದು ಹಾಕತಕ್ಕದ್ದು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಹಾಗೂ ಬ್ಯಾಂಕಿಗೆ ತಿಳಿಸಬೇಕು. ಇದಲ್ಲದೆ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿ ಮುಂತಾದ ಸಂಸ್ಥೆಗಳು ಇಂತಹ ಘಟನೆಯನ್ನು, ತಮ್ಮ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು. ಅಂತರ್ಜಾಲಕ್ಕೆ ಸೇರಿದ ಯಂತ್ರಗಳ ಮೇಲಿನ ದಾಳಿಯೂ ಆ ಪಟ್ಟಿಯಲ್ಲಿದೆ.