ಕಬ್ಬಿಣಾಂಶ ಕಡಿಮೆಯಾದರೆ ಎದೆ ಏಕೆ ಡವಗುಟ್ಟುತ್ತದೆ? ‘ಜೀವಕ್ರಿಯೆಗಳು’ ಘಟಕಕ್ಕೆ ಒಂದು ಪೂರಕ ವಿವರಣೆ

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಘಟಕದಲ್ಲಿ ಉಸಿರಾಟ ಒಂದು ಉಪಘಟಕ, ಸಾಗಾಣಿಕೆ ಇನ್ನೊಂದು. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಬರುತ್ತದೆ ಎಂಬ ವಾಕ್ಯವನ್ನು ಮಕ್ಕಳು ಕೆಳ ತರಗತಿಗಳಲ್ಲೇ ಬಾಯಿಪಾಠ ಮಾಡಿರುತ್ತಾರೆ. ಈ ಮೂರನ್ನೂ ಒಟ್ಟಿಗೆ ತರುವ ಅವಕಾಶ ನಮ್ಮ ಪಾಠಯೋಜನೆಗಳಲ್ಲಿ ಕಡಿಮೆ. ರಕ್ತಹೀನತೆ ಇರುವವರಿಗೆ ಮೆಟ್ಟಿಲು ಹತ್ತಿದೊಡನೆ ಎದೆ ಡವಡವ ಎನ್ನುವುದೇಕೆ ಎಂಬ ಒಂದು ಪ್ರಶ್ನೆ ಆ ಅವಕಾಶವನ್ನು ಒದಗಿಸುತ್ತದೆ.

ಇದು ಪರೀಕ್ಷೆಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 (2019–21) ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು, ಹುಡುಗರಲ್ಲಿ ಶೇ. 31ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ನಾವು ಪಾಠ ಮಾಡುವ ಯಾವುದೇ ಪ್ರೌಢಶಾಲಾ ತರಗತಿಯಲ್ಲಿ ಈ ಪ್ರಶ್ನೆಯನ್ನು ತಮ್ಮ ಮೈಯಲ್ಲೇ ಹೊತ್ತು ಕುಳಿತ ಮಕ್ಕಳು ಇರುತ್ತಾರೆ.

ತಪ್ಪು ಕಲ್ಪನೆ ಎಲ್ಲಿದೆ?

ಬೋಧನಾಭ್ಯಾಸದ ಸಮಯದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ್ದು: “ರಕ್ತ ಕಡಿಮೆ ಇದ್ರೆ ಹೃದಯಕ್ಕೆ ಕೆಲಸಾನೂ ಕಡಿಮೆ ಆಗ್ಬೇಕಲ್ವಾ ಟೀಚರ್? ಜಾಸ್ತಿ ಯಾಕಾಗುತ್ತೆ?” ತರ್ಕ ಸರಿಯಾಗಿಯೇ ಇದೆ. ದಾರಿ ತಪ್ಪಿಸಿದ್ದು ಪದ. ‘ರಕ್ತಹೀನತೆ’ ಎನ್ನುವಾಗಲೂ, ಮನೆಯಲ್ಲಿ ‘ರಕ್ತ ಕಡಿಮೆ’ ಎನ್ನುವಾಗಲೂ ಕೊಡದಲ್ಲಿ ನೀರು ಇಳಿದಂತೆ ಮೈಯಲ್ಲಿ ರಕ್ತ ಇಳಿದಿದೆ ಎಂಬ ಚಿತ್ರ ಮೂಡುತ್ತದೆ. ನಿಧಾನವಾಗಿ ಬರುವ ರಕ್ತಹೀನತೆಯಲ್ಲಿ ರಕ್ತದ ಒಟ್ಟು ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಕಡಿಮೆಯಾಗಿರುವುದು ಅದರೊಳಗಿನ ಹಿಮೊಗ್ಲೋಬಿನ್. ಆದ್ದರಿಂದ ಪಾಠದ ಮೊದಲ ಹೆಜ್ಜೆ ಈ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಬರೆಯುವುದು.

ಹಿಮೊಗ್ಲೋಬಿನ್‌ನ ಒಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಒಂದೊಂದೂ ಒಂದೊಂದು ಆಮ್ಲಜನಕದ ಅಣುವನ್ನು ಹಿಡಿಯುತ್ತದೆ. ದೇಹದಲ್ಲಿರುವ ಕಬ್ಬಿಣದ ಸುಮಾರು ಮೂರನೇ ಎರಡು ಭಾಗ ಇರುವುದು ಇಲ್ಲಿಯೇ. ಆಹಾರದಿಂದ ಬರುವ ಕಬ್ಬಿಣ ಸಾಲದಿದ್ದರೆ ದೇಹ ಮೊದಲು ಯಕೃತ್ತು ಮೊದಲಾದ ಕಡೆ ಕೂಡಿಟ್ಟ ದಾಸ್ತಾನನ್ನು ಖರ್ಚು ಮಾಡುತ್ತದೆ. ದಾಸ್ತಾನು ಮುಗಿದ ಮೇಲಷ್ಟೇ ಹಿಮೊಗ್ಲೋಬಿನ್ ಇಳಿಯುತ್ತದೆ. 12 ವರ್ಷ ದಾಟಿದ ಹುಡುಗಿಯರಲ್ಲಿ ಅದು 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 8 ಗ್ರಾಂಗಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ.

ಒಂದು ಲೆಕ್ಕ

ಒಂದು ಗ್ರಾಂ ಹಿಮೊಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ವಯಸ್ಕರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ 72 ಬಡಿತವಾದರೆ ಸುಮಾರು 5 ಲೀಟರ್. ಸುಮ್ಮನೆ ಕುಳಿತಾಗ ದೇಹಕ್ಕೆ ಬೇಕಾದ ಆಮ್ಲಜನಕ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್. ಇಷ್ಟು ಅಂಕಿಗಳು ಸಾಕು.

ಹಿಮೊಗ್ಲೋಬಿನ್ 14 ಗ್ರಾಂ ಇದ್ದರೆ 5 ಲೀಟರ್ ರಕ್ತ ಸುಮಾರು 940 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಅದರಲ್ಲಿ ಕಾಲು ಭಾಗ ಮಾತ್ರ ಬಳಕೆಯಾಗುತ್ತದೆ, ಉಳಿದದ್ದು ಮೀಸಲು. ಹಿಮೊಗ್ಲೋಬಿನ್ 7 ಗ್ರಾಂ ಆದರೆ ಅದೇ 5 ಲೀಟರ್ ಹೊರುವುದು ಸುಮಾರು 470 ಮಿಲಿಲೀಟರ್. ಕುಳಿತಿದ್ದಾಗ ಸಾಲುತ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಖರ್ಚು.

ಈಗ ಓಡಬೇಕು, ನಿಮಿಷಕ್ಕೆ 1000 ಮಿಲಿಲೀಟರ್ ಆಮ್ಲಜನಕ ಬೇಕು ಎಂದುಕೊಳ್ಳಿ. ಹೃದಯ 10 ಲೀಟರ್ ರಕ್ತ ಹರಿಸಿದರೆ ಮೊದಲನೆಯವರಿಗೆ ಸುಮಾರು 1880 ಮಿಲಿಲೀಟರ್ ಸಿಗುತ್ತದೆ. ಎರಡನೆಯವರಿಗೆ ಸಿಗುವುದು 940. ಕೊನೆಯ ಹನಿಯವರೆಗೆ ಹೀರಿದರೂ ಸಾಲದು. ಹೃದಯ ಇನ್ನೂ ಹೆಚ್ಚು ರಕ್ತ ಹರಿಸಲೇಬೇಕು. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಷ್ಟೇ: ಹೊರೆ ಹೊರುವವರು ಕಡಿಮೆಯಾದ್ದರಿಂದ ಓಡಾಟ ಹೆಚ್ಚಾಯಿತು.

ಬಸ್ಸಿನ ಹೋಲಿಕೆ

ಲೆಕ್ಕ ಹಿಡಿಸದ ಮಕ್ಕಳಿಗೆ ಬಸ್ಸು ಸುಲಭ. ಊರಿನಿಂದ ಶಾಲೆಗೆ 100 ಮಕ್ಕಳು ಬರಬೇಕು. 50 ಸೀಟಿನ ಬಸ್ಸಾದರೆ ಎರಡು ಟ್ರಿಪ್. 25 ಸೀಟಿನದಾದರೆ ನಾಲ್ಕು. ಸೀಟು ಹಿಮೊಗ್ಲೋಬಿನ್, ಮಕ್ಕಳು ಆಮ್ಲಜನಕ, ಟ್ರಿಪ್ ಎದೆಬಡಿತ.

ಕೋವಿಡ್ ನಂತರ ಮಕ್ಕಳಿಗೂ ಪರಿಚಯವಾಗಿರುವ ಪಲ್ಸ್ ಆಕ್ಸಿಮೀಟರ್ ಬಗ್ಗೆ ಇದೇ ಹೋಲಿಕೆಯಲ್ಲಿ ಹೇಳಬಹುದು. ರಕ್ತಹೀನತೆ ಇದ್ದವರ ಬೆರಳಿಗೆ ಅದನ್ನು ಹಾಕಿದರೂ ಸಾಮಾನ್ಯವಾಗಿ 98 ಎಂದೇ ತೋರಿಸುತ್ತದೆ. ಇರುವ ಸೀಟುಗಳಲ್ಲಿ ಎಷ್ಟು ಪಾಲು ತುಂಬಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಸೀಟು ಒಟ್ಟು ಎಷ್ಟಿವೆ ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ರಕ್ತಪರೀಕ್ಷೆಯೇ ಬೇಕು.

ಹೋಲಿಕೆಯ ಮಿತಿಯನ್ನೂ ಹೇಳಬೇಕು. ಶಾಲೆಯ ಮುಂದೆ ಬಸ್ಸು ಪೂರ್ತಿ ಖಾಲಿಯಾಗುತ್ತದೆ. ರಕ್ತ ವಿಶ್ರಾಂತಿಯಲ್ಲಿ ತಾನು ತಂದ ಆಮ್ಲಜನಕದ ಕಾಲು ಭಾಗವನ್ನಷ್ಟೇ ಇಳಿಸುತ್ತದೆ. ರಕ್ತಹೀನತೆಯಲ್ಲಿ ಅಂಗಾಂಶಗಳು ಹೆಚ್ಚು ಪಾಲನ್ನು ಇಳಿಸಿಕೊಳ್ಳಲು ಕಲಿಯುತ್ತವೆ. ಆದ್ದರಿಂದಲೇ ತಿಂಗಳುಗಟ್ಟಲೆ ನಿಧಾನವಾಗಿ ಹಿಮೊಗ್ಲೋಬಿನ್ ಇಳಿದ ಹುಡುಗಿ “ನನಗೇನೂ ಆಗಿಲ್ಲ” ಎನ್ನುತ್ತಾಳೆ. ತೊಂದರೆ ಕಾಣಿಸುವುದು ಆಟದ ಅವಧಿಯಲ್ಲಿ ಅಥವಾ ಮೆಟ್ಟಿಲ ಮೇಲೆ.

ಬಡಿತ ಅನುಭವಕ್ಕೆ ಬರುವುದೇಕೆ?

ಆರೋಗ್ಯವಂತರಿಗೆ ಹೃದಯ ಬಡಿಯುವುದು ಗಮನಕ್ಕೇ ಬರುವುದಿಲ್ಲ. ರಕ್ತಹೀನತೆಯಲ್ಲಿ ಮೂರು ಬದಲಾವಣೆಗಳು ಒಟ್ಟಿಗೆ ಆಗುತ್ತವೆ. ಆಮ್ಲಜನಕದ ಕೊರತೆಗೆ ಪ್ರತಿಕ್ರಿಯೆಯಾಗಿ ಅಂಗಾಂಶಗಳ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಕೆಂಪು ರಕ್ತಕಣಗಳು ಕಡಿಮೆಯಿರುವ ರಕ್ತ ತೆಳುವಾಗಿ ವೇಗವಾಗಿ ಹರಿಯುತ್ತದೆ. ನರಗಳು ಮತ್ತು ಅಡ್ರಿನಲಿನ್‌ನ ಪ್ರಚೋದನೆಯಿಂದ ಹೃದಯ ಬೇಗಬೇಗ ಮಾತ್ರವಲ್ಲ, ಜೋರಾಗಿಯೂ ಸಂಕುಚಿಸುತ್ತದೆ. ಈ ಜೋರು ಬಡಿತವೇ ಎದೆಯಲ್ಲಿ, ಕುತ್ತಿಗೆಯಲ್ಲಿ, ಮಲಗಿದಾಗ ಕಿವಿಯ ಬಳಿ ‘ಡವಡವ’ ಎಂದು ತಿಳಿಯುವುದು.

ಇದರಲ್ಲಿ ಒಂದು ಇಕ್ಕಟ್ಟೂ ಇದೆ. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತದ ವೇಗ ಹೆಚ್ಚಿದಷ್ಟೂ ಆ ಬಿಡುವು ಕಿರಿದಾಗುತ್ತದೆ. ಹೆಚ್ಚು ದುಡಿಯುವ ಹೃದಯಕ್ಕೆ ತನ್ನ ಪಾಲಿನ ಆಮ್ಲಜನಕ ಪಡೆಯಲು ಸಮಯವೇ ಕಡಿಮೆ. ತೀವ್ರ ರಕ್ತಹೀನತೆಯನ್ನು ಬಹಳ ಕಾಲ ಹಾಗೇ ಬಿಟ್ಟರೆ ಹೃದಯ ಹಿಗ್ಗಿ ಸೋಲುವ ಅಪಾಯವಿದೆ. ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಹಿಮೊಗ್ಲೋಬಿನ್ ಏರಿದಂತೆ ಬಡಿತವೂ ತಣ್ಣಗಾಗುತ್ತದೆ. ಎರಡನ್ನೂ ಮಕ್ಕಳಿಗೆ ಹೇಳಬೇಕು. ಮೊದಲನೆಯದನ್ನಷ್ಟೇ ಹೇಳಿದರೆ ಭಯ, ಎರಡನೆಯದನ್ನಷ್ಟೇ ಹೇಳಿದರೆ ಉದಾಸೀನ ಉಳಿಯುತ್ತದೆ.

ತರಗತಿಯಲ್ಲಿ ಗಮನಿಸಬೇಕಾದದ್ದು

ನಾಡಿ ಎಣಿಸುವ ಚಟುವಟಿಕೆ ಈ ಪಾಠಕ್ಕೆ ಚೆನ್ನಾಗಿ ಹೊಂದುತ್ತದೆ: ಕುಳಿತು ಒಂದು ನಿಮಿಷ, ಎರಡು ನಿಮಿಷ ನಿಂತಲ್ಲೇ ನಡೆದು ಮತ್ತೊಂದು ನಿಮಿಷ ಎಣಿಸುವುದು. ಆದರೆ ಒಬ್ಬೊಬ್ಬರ ಅಂಕಿಯನ್ನು ಕಪ್ಪುಹಲಗೆಯ ಮೇಲೆ ಹೆಸರಿನೊಂದಿಗೆ ಬರೆಯಬಾರದು. ನಾಡಿ ಹೆಚ್ಚಿದ್ದ ಮಾತ್ರಕ್ಕೆ ರಕ್ತಹೀನತೆ ಎಂದು ಹೇಳುವಂತೆಯೂ ಇಲ್ಲ. ಜ್ವರ, ಆತಂಕ, ಥೈರಾಯ್ಡ್ ತೊಂದರೆ, ಹೆಚ್ಚು ಕಾಫಿ-ಟೀ, ಹೃದಯದ ಲಯದ ದೋಷ ಇವುಗಳಿಂದಲೂ ಎದೆ ಡವಗುಟ್ಟುತ್ತದೆ. ಶಿಕ್ಷಕರ ಕೆಲಸ ರೋಗ ಹೆಸರಿಸುವುದಲ್ಲ, ಗಮನಿಸುವುದು. ಆಟದಲ್ಲಿ ಬೇಗ ಸುಸ್ತಾಗಿ ಕುಳಿತುಬಿಡುವ ಮಗುವನ್ನು ‘ಸೋಮಾರಿ’ ಎನ್ನುವ ಮೊದಲು ಪೋಷಕರಿಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಲು ಹೇಳಬೇಕು. ಎದೆನೋವು, ತಲೆಸುತ್ತಿ ಬೀಳುವುದು, ಕುಳಿತಲ್ಲೇ ಏದುಸಿರು ಇದ್ದರೆ ತಡಮಾಡಬಾರದು.

ಮುಟ್ಟಿನ ವಿಷಯವನ್ನು ಹಾರಿಸಿ ಈ ಪಾಠ ಮುಗಿಸುವ ರೂಢಿಯನ್ನೂ ಬಿಡಬೇಕು. ಹದಿಹರೆಯದಲ್ಲಿ ಬೆಳವಣಿಗೆಗೆ ಕಬ್ಬಿಣ ಹೆಚ್ಚು ಬೇಕು. ಹುಡುಗಿಯರಲ್ಲಿ ಪ್ರತಿ ತಿಂಗಳೂ ರಕ್ತದೊಂದಿಗೆ ಕಬ್ಬಿಣ ಹೊರಹೋಗುತ್ತದೆ. ಇದನ್ನು ವಿಜ್ಞಾನದ ವಾಕ್ಯವಾಗಿ, ಹುಡುಗರೂ ಕೇಳುವಂತೆ, ನೇರವಾಗಿ ಹೇಳಿದರೆ ಮೇಲಿನ ಶೇ. 59 ಮತ್ತು ಶೇ. 31ರ ಅಂತರಕ್ಕೆ ಒಂದು ಮುಖ್ಯ ಕಾರಣ ಎಲ್ಲರಿಗೂ ತಿಳಿಯುತ್ತದೆ.

ನೀಲಿ ಮಾತ್ರೆಗೆ ಅರ್ಥ ಕೊಡುವುದು

2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಮಾತ್ರೆ ನಿಗದಿಯಾಗಿದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಜಂತುಹುಳುವಿನ ಮಾತ್ರೆ ವರ್ಷಕ್ಕೆ ಎರಡು ಬಾರಿ. ಮಾತ್ರೆ ನುಂಗಿದ ಮೇಲೆ ಮಲ ಕಪ್ಪಾಗುವುದು ಸಹಜ; ಖಾಲಿ ಹೊಟ್ಟೆಯಲ್ಲಿ ಕೆಲವರಿಗೆ ವಾಕರಿಕೆ ಬರುವುದರಿಂದ ಬಿಸಿಯೂಟದ ನಂತರ ಕೊಡುವುದು ಒಳ್ಳೆಯದು. ಇದನ್ನು ಮೊದಲೇ ಹೇಳದಿದ್ದರೆ ಮಾತ್ರೆ ಕಿಟಕಿಯಾಚೆ ಹೋಗುತ್ತದೆ. ಒಂದೆರಡು ವಾರದಲ್ಲಿ ನಿಲ್ಲಿಸಿಬಿಟ್ಟರೆ ಖಾಲಿಯಾದ ದಾಸ್ತಾನು ತುಂಬುವುದಿಲ್ಲ. ರಕ್ತಹೀನತೆ ಇದೆ ಎಂದು ಪರೀಕ್ಷೆಯಲ್ಲಿ ತಿಳಿದವರಿಗೆ ಈ ವಾರದ ಮಾತ್ರೆ ಚಿಕಿತ್ಸೆಯಲ್ಲ. ವೈದ್ಯರು ಹೇಳುವ ಪ್ರಮಾಣವೇ ಬೇರೆ.

ಆಹಾರದ ವಿಷಯದಲ್ಲಿ ಎರಡು ಮಾತು ಸಾಕು. ಬೀಟ್‌ರೂಟಿನ ಕೆಂಪು ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಸುಲಭವಾಗಿ ಹೀರಿಕೆಯಾಗುವುದಿಲ್ಲ. ಹುರುಳಿಕಾಳಿನ ಉಸಲಿಗೆ ನಿಂಬೆರಸ ಹಿಂಡಿದರೆ ಅನುಕೂಲ, ಊಟದ ಬೆನ್ನಿಗೇ ಟೀ ಕುಡಿದರೆ ನಷ್ಟ.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು

1. ಹಿಮೊಗ್ಲೋಬಿನ್ 10 ಗ್ರಾಂ ಇರುವವರ 5 ಲೀಟರ್ ರಕ್ತ ಎಷ್ಟು ಆಮ್ಲಜನಕ ಹೊರಬಲ್ಲದು? ಲೆಕ್ಕ ಹಾಕಿ.
2. ಆಕ್ಸಿಮೀಟರ್ 98 ತೋರಿಸಿದರೂ ಒಬ್ಬರಿಗೆ ರಕ್ತಹೀನತೆ ಇರಬಹುದು. ಹೇಗೆ?
3. ‘ರಕ್ತ ಕಡಿಮೆ’ ಎಂಬ ಮಾತನ್ನು ವೈಜ್ಞಾನಿಕವಾಗಿ ತಿದ್ದಿ ಬರೆಯಿರಿ.

ಮೂರನೆಯದಕ್ಕೆ ಸರಿಯಾಗಿ ಉತ್ತರಿಸಿದ ಮಗು ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಅದನ್ನೇ ವಿವರಿಸಬಲ್ಲದು. ಘಟಕ ಮುಗಿಯಿತು ಎಂದು ನಾವು ದಿನಚರಿಯಲ್ಲಿ ಬರೆಯುವ ಮೊದಲು ಪರೀಕ್ಷಿಸಬೇಕಾದ ಕಲಿಕಾಫಲ ಅದು.