ಮನೆ ಬದಲಿಸುವಾಗ ಆರೋಗ್ಯ ಕೆಡದಿರಲಿ

ಬಾಡಿಗೆ ಕರಾರು ಮುಗಿದಿರಬಹುದು, ಮಗನಿಗೆ ಬೇರೆ ಊರಿಗೆ ವರ್ಗವಾಗಿರಬಹುದು ಅಥವಾ ಸಾಲ ಮಾಡಿ ಕಟ್ಟಿಸಿದ ಸ್ವಂತ ಮನೆ ಸಿದ್ಧವಾಗಿರಬಹುದು. ಕಾರಣ ಯಾವುದೇ ಇರಲಿ, ಮನೆ ಬದಲಿಸುವ ದಿನಗಳಲ್ಲಿ ಎಲ್ಲರೂ ಸಿಡಿಮಿಡಿಗೊಳ್ಳುತ್ತಾರೆ. ತಲೆನೋವು, ಎದೆಯುರಿ, ಮಲಬದ್ಧತೆ, ನಿದ್ರಾಹೀನತೆ ಒಂದರ ಹಿಂದೆ ಒಂದು ಬರುತ್ತವೆ. "ಹೊಸ ಮನೆಗೆ ಬಂದಿದ್ದೇವೆ, ಖುಷಿಯಾಗಿರಬೇಕಲ್ಲವೇ ಡಾಕ್ಟರೇ?" ಎಂದು ಕೇಳುವವರಿದ್ದಾರೆ. ಖುಷಿಯ ಬದಲಾವಣೆಯೂ ದೇಹಕ್ಕೆ ಬದಲಾವಣೆಯೇ.

1967ರಲ್ಲಿ ಅಮೆರಿಕದ ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ ಜೀವನದ 43 ಘಟನೆಗಳಿಗೆ ಒತ್ತಡದ ಅಂಕಗಳನ್ನು ನೀಡಿದರು. ಜೀವನ ಸಂಗಾತಿಯ ಸಾವಿಗೆ 100, ವಾಸದ ಮನೆ ಬದಲಾಗುವುದಕ್ಕೆ ಕೇವಲ 20. ಆದರೆ ಮನೆ ಬದಲಾವಣೆ ಒಂಟಿಯಾಗಿ ಬರುವುದಿಲ್ಲ. ಅದೇ ಪಟ್ಟಿಯಲ್ಲಿ ಜೀವನ ಪರಿಸ್ಥಿತಿಯ ಬದಲಾವಣೆಗೆ 25, ಶಾಲೆ ಬದಲಾಗುವುದಕ್ಕೆ 20, ನಿದ್ರೆಯ ಕ್ರಮಕ್ಕೆ 16, ಊಟದ ಕ್ರಮಕ್ಕೆ 15 ಅಂಕಗಳಿವೆ. ಕೂಡಿಸಿದರೆ 96! ಶಾಲೆ, ಪರಿಸ್ಥಿತಿ ನಮ್ಮ ಕೈಯಲ್ಲಿಲ್ಲದಿರಬಹುದು. ನಿದ್ರೆ ಮತ್ತು ಊಟವನ್ನು ಮಾತ್ರ ನಾವು ಕಾಪಾಡಿಕೊಳ್ಳಬಹುದು.

ಯೂನಾನಿ ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಮಲಮೂತ್ರಾದಿಗಳ ವಿಸರ್ಜನೆ ಮತ್ತು ಧಾರಣೆ. ಈ ಆರು ಅಗತ್ಯಗಳನ್ನು 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎನ್ನುತ್ತೇವೆ. ಇವು ಹದವಾಗಿದ್ದರೆ ಆರೋಗ್ಯ. ಮನೆ ಬದಲಿಸುವಾಗ ಆರೂ ಒಟ್ಟಿಗೇ ಏರುಪೇರಾಗುತ್ತವೆ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ವಾಸಸ್ಥಳದ ಗಾಳಿ, ನೀರು, ಮಣ್ಣಿನ ಬಗ್ಗೆ ಪ್ರತ್ಯೇಕವಾಗಿ ಬರೆದದ್ದು ಇದೇ ಕಾರಣಕ್ಕೆ.

ಮೊದಲು ಹಾಸಿಗೆ, ಬಳಿಕ ಅಡುಗೆ

ಸಾಮಾನು ಇಳಿಸಿದ ದಿನವೇ ಇಡೀ ಮನೆ ಜೋಡಿಸಿ ಮುಗಿಸಬೇಕೆಂದು ರಾತ್ರಿ ಎರಡು ಗಂಟೆಯವರೆಗೆ ದುಡಿಯಬೇಡಿ. ಮೊದಲು ಎಲ್ಲರಿಗೂ ಮಲಗುವ ಜಾಗ ಮಾಡಿ. ಹಳೆಯ ತಲೆದಿಂಬು, ಹಳೆಯ ಹೊದಿಕೆಯನ್ನೇ ಬಳಸಿ. ನಂತರ ಒಂದು ಒಲೆ, ನಾಲ್ಕು ಪಾತ್ರೆ ಸಾಕು. ಮೂರು ಹೊತ್ತೂ ಹೋಟೆಲಿನ ಬಿರಿಯಾನಿ, ಪರೋಟ ತರಿಸುವ ಬದಲು ಗಂಜಿ, ಕಿಚಡಿ, ಮೊಸರನ್ನ ಸಮಯಕ್ಕೆ ಸರಿಯಾಗಿ ಸಿಗಲಿ. ಹೊಸ ಜಾಗದ ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಬಣ್ಣದ ವಾಸನೆ ಇದ್ದರೆ ಕಿಟಕಿಗಳನ್ನು ತೆರೆದಿಡಿ. ಉಬ್ಬಸವಿರುವವರು ಹಳೆಯ ಅಟ್ಟದ ಧೂಳು ಝಾಡಿಸಬಾರದು.

ದುಡಿಮೆಯ ಹೆಚ್ಚಿನ ಪಾಲು ಬೀಳುವುದು ಮನೆಯ ಹೆಂಗಸರ ಮೇಲೆ. ಅವರು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾರೆ, ಕೊನೆಗೆ ಮಲಗುತ್ತಾರೆ. ಗಂಡಸರೂ ಮಕ್ಕಳೂ ಕೆಲಸವನ್ನು ಹಂಚಿಕೊಂಡರೆ ಅರ್ಧ ಒತ್ತಡ ಇಳಿಯುತ್ತದೆ.

ಔಷಧ ಕೈಚೀಲದಲ್ಲಿರಲಿ

ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಮೂರ್ಛೆ ರೋಗದ ಮಾತ್ರೆಗಳನ್ನು ಲಾರಿಗೆ ಹಾಕಬೇಡಿ. ಯಾವ ಪೆಟ್ಟಿಗೆಯಲ್ಲಿದೆ ಎಂದು ಹುಡುಕುವಷ್ಟರಲ್ಲಿ ಎರಡು ದಿನ ತಪ್ಪಿರುತ್ತದೆ. ಒಂದು ವಾರಕ್ಕಾಗುವಷ್ಟು ಮಾತ್ರೆ, ವೈದ್ಯರ ಚೀಟಿ, ಕನ್ನಡಕ ಒಂದೇ ಚೀಲದಲ್ಲಿ ನಿಮ್ಮ ಕೈಯಲ್ಲಿರಲಿ. ಇನ್ಸುಲಿನನ್ನು ತಂಪಾಗಿಡಿ, ಆದರೆ ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕೆ ಬಾರದು. ಸಕ್ಕರೆ ಕಾಯಿಲೆಯವರು ಔಷಧ ತೆಗೆದುಕೊಂಡು ಊಟ ತಪ್ಪಿಸಿದರೆ ಬೆವರು, ನಡುಕ, ತಲೆಸುತ್ತು ಬರಬಹುದು. ಎಚ್ಚರವಿದ್ದರೆ ಕೂಡಲೇ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಹಿರಿಯರನ್ನು ಮರೆಯಬೇಡಿ

ನಲವತ್ತು ವರ್ಷ ಒಂದೇ ಅಂಗಳದಲ್ಲಿ ಬಾಳಿದ ಅಜ್ಜಿಗೆ ನಾಲ್ಕನೇ ಮಹಡಿಯ ಫ್ಲ್ಯಾಟ್ ಬೇರೆಯೇ ಲೋಕ. ಕತ್ತಲಲ್ಲೂ ಗೊತ್ತಿದ್ದ ಬಚ್ಚಲಿನ ದಾರಿ ಈಗ ಗೊತ್ತಿಲ್ಲ. ಹೊಸ ಮನೆಯಲ್ಲಿ ಎಡವಿ ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಮೊದಲಿನಂತೆ ನಡೆಯುವುದು ಅನೇಕರಿಗೆ ಸಾಧ್ಯವಾಗುವುದಿಲ್ಲ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ದೀಪ ಉರಿಯಲಿ, ದಾರಿಯಲ್ಲಿ ಪೆಟ್ಟಿಗೆಗಳಿರದಿರಲಿ. ವುಝೂ ಮಾಡುವ ಜಾಗದಲ್ಲಿ ಜಾರದ ಚಾಪೆ, ಹಿಡಿದುಕೊಳ್ಳಲು ಕಂಬಿ ಇರಲಿ. ಅವರ ನಮಾಝಿನ ಚಾಪೆ, ತಸ್ಬೀಹ್, ಎಲೆ ಅಡಿಕೆಯ ಡಬ್ಬಿ ಯಾವ ಕಡೆ ಇರುತ್ತಿತ್ತೋ ಅದೇ ಕಡೆ ಇಡಿ. "ಹಳೆಯದನ್ನೆಲ್ಲ ಬಿಸಾಡಿ" ಎಂದು ಅವರ ಪೆಟ್ಟಿಗೆಗೆ ಕೈ ಹಾಕಬೇಡಿ. ಹಳೆಯ ನೆರೆಯವರೊಂದಿಗೆ ಫೋನಿನಲ್ಲಿ ಮಾತನಾಡಿಸಿ, ಸಂಜೆ ಹೊಸ ನೆರೆಮನೆಗೆ ಕರೆದೊಯ್ಯಿರಿ.

ಮಕ್ಕಳಿಗೂ ಮುಂಚಿತವಾಗಿ ಮನೆ ತೋರಿಸಿ. ತಮ್ಮ ಪುಸ್ತಕ, ಆಟಿಕೆಗಳ ಪೆಟ್ಟಿಗೆಯನ್ನು ಅವರೇ ಕಟ್ಟಲಿ. ಹಾಸಿಗೆ ಒದ್ದೆ ಮಾಡುವುದು ಮರುಕಳಿಸಿದರೆ ಗದರಬೇಡಿ.

ಯಾವಾಗ ವೈದ್ಯರ ಬಳಿಗೆ?

ಬೇಸರ, ನಿದ್ರಾಹೀನತೆ, ಊಟ ಬೇಡವೆನಿಸುವುದು ಎರಡು ವಾರ ಕಳೆದರೂ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಹಿರಿಯರು ಒಂದೆರಡು ದಿನದೊಳಗೆ ಹಠಾತ್ತಾಗಿ ಅಸಂಬದ್ಧ ಮಾತನಾಡತೊಡಗಿದರೆ, ಮನೆಯವರನ್ನೇ ಗುರುತಿಸದಿದ್ದರೆ, "ಹೊಸ ಮನೆಯಲ್ಲವೇ, ಸರಿಹೋಗುತ್ತದೆ" ಎಂದು ಕಾಯಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸಕ್ಕರೆ ಅಥವಾ ಸೋಡಿಯಂ ಇಳಿಯುವುದು, ಪಾರ್ಶ್ವವಾಯು ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಸ ಬಡಾವಣೆಯಲ್ಲಿ ಹತ್ತಿರದ ಆಸ್ಪತ್ರೆ ಎಲ್ಲಿದೆ, ರಾತ್ರಿ ತೆರೆದಿರುವ ಔಷಧದಂಗಡಿ ಯಾವುದು ಎಂಬುದನ್ನು ಸಾಮಾನು ಸಾಗಿಸುವ ಮೊದಲೇ ತಿಳಿದುಕೊಂಡಿರಿ.