ಹಾಡು ನಿಂತ್ರೂ ಮೆಮೊರಿ ಯಾಕೆ ಏರುತ್ತೆ?

ಭೀಮಸೇನ ಜೋಶಿ ಹಾಡ್ತಿದಾರೆ, ಕಂಪ್ಯೂಟರ್‌ನಲ್ಲಿ.
ಬ್ಲೂಟೂತ್ ಸ್ಪೀಕರ್ ಆಫ್ ಆಯ್ತು. ಸದ್ದಿಲ್ಲ.
ಆದ್ರೆ ಪ್ಲೇಯರ್ ತಿನ್ನೋ ಮೆಮೊರಿ ಏರ್ತಾನೇ ಇದೆ. ಯಾಕೆ?

ಹಿಟ್ಟಿನ ಗಿರಣಿ ನೆನೆಸ್ಕೊಳ್ಳಿ. ಮೇಲಿಂದ ಜೋಳ ಸುರೀತಾನೇ ಇದಾರೆ, ಕೆಳಗೆ ಡಬ್ಬಿ ಹಿಡಿಯೋರಿಲ್ಲ. ಹಿಟ್ಟೆಲ್ಲ ನೆಲದ ಮೇಲೆ ಗುಡ್ಡೆ.
ಕೆಲವು ಪ್ಲೇಯರ್‌ಗಳಲ್ಲೂ ಹೀಗೇ. ಡಿಕೋಡರ್ ಎಂಪಿ3 ಬಿಡಿಸಿ ಬಿಡಿಸಿ ಕೊಡುತ್ತೆ, ತಗೊಳ್ಳೋ ಸ್ಪೀಕರ್ ಇಲ್ಲ. ಬಿಡಿಸಿದ್ದೆಲ್ಲ ಮೆಮೊರಿಯಲ್ಲೇ ಸಾಲುಗಟ್ಟುತ್ತೆ.
ಬಿಡಿಸಿದ ಹಾಡು ಎಷ್ಟು ಭಾರ ಗೊತ್ತಾ? ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಗಂಟೆಯ ರಾಗಕ್ಕೆ 600ಕ್ಕೂ ಮೇಲೆ!

"ಅದು ಕ್ಯಾಶೆ, ಬಿಡ್ರಿ" ಅಂತೀರಾ? ಸರಿಯಾದ ಕ್ಯಾಶೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತೆ. ಇದು ನಿಲ್ಲಲ್ಲ.
ಪಾಜ್ ಒತ್ತಿ ನೋಡಿ. ಏರೋದು ನಿಂತ್ರೆ, ಅನುಮಾನ ಡಿಕೋಡರ್ ಮೇಲೆ.
ಆಗ್ಲೂ ಏರ್ತಿದ್ರೆ, ಕಳೆದುಹೋದ ಸ್ಪೀಕರ್ ಹುಡುಕ್ತಾ ಪ್ಲೇಯರ್ ಪ್ರತಿ ಸಲ ಹೊಸ ಸಂಪರ್ಕ ತೆರೆದು, ಹಳೇದನ್ನ ಮುಚ್ಚದೇ ಬಿಡ್ತಿರಬಹುದು.

"ಇನ್ನಷ್ಟು ರ್‍ಯಾಮ್ ಹಾಕಿಸಿದ್ರೆ?" ಗಿರಣಿ ಕೋಣೆ ದೊಡ್ಡದಾಯ್ತು, ಅಷ್ಟೇ. ತುಂಬೋದು ತಡ.
ನಿಜವಾದ ರಿಪೇರಿ ಕೋಡ್‌ನಲ್ಲಿದೆ: ಆ ಸಾಲಿಗೆ ಮಿತಿ ಹಾಕಬೇಕು, ತುಂಬಿದ್ರೆ ಡಿಕೋಡರ್ ಕಾಯಬೇಕು.
ಅಲ್ಲೀವರೆಗೆ? ಪ್ಲೇಯರ್ ಪೂರ್ತಿ ಮುಚ್ಚಿ, ಸ್ಪೀಕರ್ ಜೋಡಿಸಿ, ಆಮೇಲೆ ತೆರೀರಿ.